ಡೆನ್ನಿಸ್ ರಿಚಿ

ಡೆನ್ನಿಸ್ ಮ್ಯಾಕ್‌ಅಲಿಸ್ಟೇರ್ ರಿಚಿ (1941–2011) ಅಮೆರಿಕದ ಗಣಕವಿಜ್ಞಾನಿ. ಸಿ ಭಾಷೆಯನ್ನು ರೂಪಿಸಿದವರು. ಕೆನ್ ಥಾಂಪ್ಸನ್ ಅವರೊಡನೆ ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟಿದವರು. ಆದೇಶದ ಸಾಲಿನಲ್ಲಿ ಬರೆದ ವೈಲ್ಡ್‌ಕಾರ್ಡ್ ಚಿಹ್ನೆಗಳು ಸಿ ಪ್ರೋಗ್ರಾಂಗಳನ್ನು ಯಾವ ರೂಪದಲ್ಲಿ ತಲುಪಬೇಕೆಂಬುದು ಈ ವ್ಯವಸ್ಥೆಯ ಆರಂಭದ ವರ್ಷಗಳಲ್ಲೇ ನಿರ್ಧಾರವಾಯಿತು.

ಜನನ ಮತ್ತು ಶಿಕ್ಷಣ

ರಿಚಿಯವರು 1941ರ ಸೆಪ್ಟೆಂಬರ್ 9ರಂದು ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ ಜನಿಸಿದರು. ತಂದೆ ಅಲಿಸ್ಟೇರ್ ರಿಚಿ ಬೆಲ್ ಲ್ಯಾಬ್ಸ್‌ನ ವಿಜ್ಞಾನಿ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪದವಿ ಪಡೆದು, ಅಲ್ಲಿಯೇ ಅನ್ವಯಿಕ ಗಣಿತದಲ್ಲಿ ಸಂಶೋಧನೆ ನಡೆಸಿದರು. 1968ರಲ್ಲಿ ಪ್ರಬಂಧ ಬರೆದಿದ್ದರೂ ಡಾಕ್ಟರೇಟ್ ಪದವಿಯನ್ನು ವಿಧ್ಯುಕ್ತವಾಗಿ ಪಡೆಯಲಿಲ್ಲ.

ಯುನಿಕ್ಸ್ ಮತ್ತು ಸಿ ಭಾಷೆ

1967ರಲ್ಲಿ ಬೆಲ್ ಲ್ಯಾಬ್ಸ್ ಸೇರಿದರು. 1969ರಲ್ಲಿ ಸಂಸ್ಥೆಯು ಮಲ್ಟಿಕ್ಸ್ ಯೋಜನೆಯಿಂದ ಹಿಂದೆ ಸರಿದ ಬಳಿಕ ಥಾಂಪ್ಸನ್ ಆರಂಭಿಸಿದ ಯುನಿಕ್ಸ್ ಕಾರ್ಯದಲ್ಲಿ ಕೈಜೋಡಿಸಿದರು. ಥಾಂಪ್ಸನ್‌ರ ಬಿ ಭಾಷೆಯನ್ನು ವಿಸ್ತರಿಸಿ ಸಿ ಭಾಷೆಗೆ ರೂಪ ಕೊಟ್ಟರು. 1973ರಲ್ಲಿ ಯುನಿಕ್ಸ್‌ನ ಕರ್ನಲ್ ಸಿ ಭಾಷೆಯಲ್ಲಿ ಮರುರಚನೆಗೊಂಡಿತು. 1978ರಲ್ಲಿ ಬ್ರಯಾನ್ ಕರ್ನಿಘನ್ ಅವರೊಡನೆ ಬರೆದ 'ದಿ ಸಿ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್' ಪ್ರಕಟವಾಯಿತು.

ವೈಲ್ಡ್‌ಕಾರ್ಡ್ ಚಿಹ್ನೆಗಳು

ಸಿ ಪ್ರೋಗ್ರಾಂನ ಮುಖ್ಯ ಫಂಕ್ಷನ್ ಎರಡು ಮಾಹಿತಿಗಳನ್ನು ಪಡೆಯುತ್ತದೆ: ಪದಗಳ ಸಂಖ್ಯೆ (ಆರ್ಗ್‌ಸಿ) ಮತ್ತು ಪದಗಳ ಪಟ್ಟಿ (ಆರ್ಗ್‌ವಿ). ನಕ್ಷತ್ರ (*) ಅಥವಾ ಪ್ರಶ್ನಾರ್ಥಕ (?) ಚಿಹ್ನೆಯನ್ನು ಕಡತಗಳ ಹೆಸರುಗಳಾಗಿ ವಿಸ್ತರಿಸುವ ಕೆಲಸ ಆದಿಯ ಯುನಿಕ್ಸ್‌ನಲ್ಲಿ 'ಗ್ಲಾಬ್' ಎಂಬ ಪ್ರತ್ಯೇಕ ಪ್ರೋಗ್ರಾಂನದಾಗಿತ್ತು, 1979ರ ಏಳನೆಯ ಆವೃತ್ತಿಯಲ್ಲಿ ಅದನ್ನು ಬೌರ್ನ್ ಶೆಲ್ ತಾನೇ ವಹಿಸಿಕೊಂಡಿತು. ಚಿಹ್ನೆಗೆ ಮೂರು ಕಡತಗಳು ಹೊಂದಿದರೆ ಪ್ರೋಗ್ರಾಂನ ಹೆಸರೂ ಸೇರಿ ಆರ್ಗ್‌ಸಿ ಬೆಲೆ ನಾಲ್ಕಾಗುತ್ತದೆ.

ಇದರಿಂದ ಪ್ರತಿಯೊಂದು ಪ್ರೋಗ್ರಾಂನಲ್ಲೂ ಅದೇ ಕೆಲಸವನ್ನು ಮತ್ತೆ ಬರೆಯುವ ಅಗತ್ಯ ತಪ್ಪಿತು. ಆದರೆ ಬಳಕೆದಾರನು ಚಿಹ್ನೆ ಬಳಸಿದನೇ, ಹೆಸರುಗಳನ್ನೇ ಬರೆದನೇ ಎಂಬುದು ಪ್ರೋಗ್ರಾಂಗೆ ತಿಳಿಯದು. ಕಡತಗಳನ್ನು ಅಳಿಸುವ ಆದೇಶಕ್ಕೂ ಚಿಹ್ನೆಯನ್ನು ಕಂಡು ಎಚ್ಚರಿಸುವ ಅವಕಾಶವಿಲ್ಲ. ಚಿಹ್ನೆಯನ್ನು ಹಾಗೆಯೇ ಕಳುಹಿಸಲು ಅದನ್ನು ಉದ್ಧರಣ ಚಿಹ್ನೆಗಳೊಳಗೆ ಇಡಬೇಕು. ಎಂಎಸ್-ಡಾಸ್‌ನಲ್ಲಿ ಈ ವ್ಯವಸ್ಥೆ ಇರಲಿಲ್ಲ. ಅಲ್ಲಿ ವಿಸ್ತರಣೆಯ ಹೊಣೆ ಪ್ರೋಗ್ರಾಂನ ಮೇಲೆಯೇ ಬಿತ್ತು. ಮೈಕ್ರೋಸಾಫ್ಟ್ ಸಿ ಬಳಸುವವರು ಅದಕ್ಕಾಗಿ 'ಸೆಟ್‌ಆರ್ಗ್‌ವಿ' ಎಂಬ ಆಬ್ಜೆಕ್ಟ್ ಕಡತವನ್ನು ಲಿಂಕ್ ಮಾಡಬೇಕಿತ್ತು.

ಪ್ರಶಸ್ತಿಗಳು ಮತ್ತು ನಿಧನ

ಥಾಂಪ್ಸನ್ ಅವರೊಡನೆ 1983ರ ಟ್ಯೂರಿಂಗ್ ಪ್ರಶಸ್ತಿ ಹಾಗೂ 2011ರ ಜಪಾನ್ ಪ್ರಶಸ್ತಿ ಪಡೆದರು. 2007ರಲ್ಲಿ ನಿವೃತ್ತರಾದ ರಿಚಿಯವರು 2011ರ ಅಕ್ಟೋಬರ್ 12ರಂದು ನ್ಯೂಜೆರ್ಸಿಯ ಬರ್ಕ್ಲಿ ಹೈಟ್ಸ್‌ನ ಮನೆಯಲ್ಲಿ ಮೃತಪಟ್ಟಿರುವುದು ತಿಳಿದುಬಂತು. ಆಗ ಅವರಿಗೆ 70 ವರ್ಷ. ಲಿನಕ್ಸ್‌ನ ಕರ್ನಲ್ ಇಂದಿಗೂ ಬಹುಮಟ್ಟಿಗೆ ಸಿ ಭಾಷೆಯಲ್ಲಿದೆ. ಅದರ ಶೆಲ್‌ಗಳು ವೈಲ್ಡ್‌ಕಾರ್ಡ್ ಚಿಹ್ನೆಗಳನ್ನು ಯುನಿಕ್ಸ್‌ನ ಕ್ರಮದಲ್ಲೇ ವಿಸ್ತರಿಸುತ್ತವೆ.