ಆಟಕ್ಕುಂಟು, ಲೆಕ್ಕಕ್ಕಿಲ್ಲ: ಜೋಶ್ ಗಿಬ್ಸನ್‌ಗೆ 77 ವರ್ಷ ತಡವಾಗಿ ಸಿಕ್ಕ ದಾಖಲೆ

2024ರ ಮೇ ತಿಂಗಳ ಕೊನೆಯಲ್ಲಿ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ತನ್ನ ದಾಖಲೆ ಪುಸ್ತಕವನ್ನು ತಿದ್ದಿತು. ಬ್ಯಾಟಿಂಗ್ ಸರಾಸರಿಯ ಪಟ್ಟಿಯಲ್ಲಿ ದಶಕಗಳ ಕಾಲ ಮೊದಲ ಸ್ಥಾನದಲ್ಲಿ ಕೂತಿದ್ದ ಟೈ ಕಾಬ್ ಎರಡನೇ ಸ್ಥಾನಕ್ಕೆ ಇಳಿದರು. ಮೊದಲ ಸ್ಥಾನಕ್ಕೆ ಬಂದವರು ಜೋಶ್ ಗಿಬ್ಸನ್. ಅವರು ತೀರಿಕೊಂಡು ಆಗಲೇ 77 ವರ್ಷ ಆಗಿತ್ತು. ಬದುಕಿದ್ದಾಗ ಮೇಜರ್ ಲೀಗ್ ತಂಡವೊಂದರ ಅಂಗಿ ತೊಟ್ಟು ಅವರು ಒಂದೇ ಒಂದು ಪಂದ್ಯ ಆಡಿರಲಿಲ್ಲ. ಆಡೋಕೆ ಬಿಟ್ಟಿರಲಿಲ್ಲ. ಅವರು ಕಪ್ಪು ಮನುಷ್ಯ ಅನ್ನೋದಷ್ಟೇ ಕಾರಣ.

ಆವತ್ತಿನಿಂದ ಬೇಸ್‌ಬಾಲ್ ಅಭಿಮಾನಿಗಳ ನಡುವೆ ಒಂದು ಜಗಳ ನಡೀತಿದೆ. ಗಿಬ್ಸನ್ ದೊಡ್ಡ ಆಟಗಾರ ಅನ್ನೋದನ್ನು ಬಹುತೇಕರು ಒಪ್ಪುತ್ತಾರೆ. ಆದರೆ ಆ ದಾಖಲೆಯನ್ನು ಲೆಕ್ಕಕ್ಕೆ ತಗೋಬಾರದು ಅಂತ ಒಂದು ಗುಂಪು ಹಟ ಹಿಡಿದಿದೆ. ಅವರು ಆಡಿದ್ದು ಬೇರೆ ಲೀಗಿನಲ್ಲಿ, ಪಂದ್ಯಗಳು ಕಡಿಮೆ, ಎದುರಾಳಿಗಳ ಮಟ್ಟ ಗೊತ್ತಿಲ್ಲ, ಇದೆಲ್ಲ ರಾಜಕೀಯ ಮಾಡಿ ಕೊಟ್ಟ ಬಳುವಳಿ ಅನ್ನೋದು ಅವರ ವಾದ. ಕ್ರಿಕೆಟ್ ನೋಡ್ಕೊಂಡು ಬೆಳೆದ ನನಗೆ ಈ ಜಗಳದಲ್ಲಿ ಬೇಸ್‌ಬಾಲ್‌ಗಿಂತ ಹೆಚ್ಚು ಪರಿಚಿತ ಅನ್ನಿಸಿದ್ದು ಆ ವಾದದ ಧಾಟಿ. ಚಿಕ್ಕವರಾಗಿದ್ದಾಗ ಓಣಿಯಲ್ಲಿ ಯಾರನ್ನೋ ಆಟಕ್ಕೆ ಸೇರಿಸಿಕೊಂಡು ಔಟಾದರೂ ರನ್ ಹೊಡೆದರೂ ಲೆಕ್ಕ ಹಿಡೀತಿರಲಿಲ್ಲವಲ್ಲ, ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ, ಇದು ಅದೇ. ಒಂದು ವ್ಯತ್ಯಾಸ ಏನಂದ್ರೆ, ಗಿಬ್ಸನ್‌ರನ್ನು ಆಟಕ್ಕೂ ಸೇರಿಸಿಕೊಂಡಿರಲಿಲ್ಲ.

ಉಕ್ಕಿನ ಊರಿನ ಹುಡುಗ

ಗಿಬ್ಸನ್ ಹುಟ್ಟಿದ್ದು 1911ರ ಡಿಸೆಂಬರ್ 21ರಂದು, ಜಾರ್ಜಿಯಾ ರಾಜ್ಯದ ಬ್ಯುಯೆನಾ ವಿಸ್ಟಾ ಎಂಬ ಸಣ್ಣ ಊರಲ್ಲಿ. ದಕ್ಷಿಣದ ಆ ರಾಜ್ಯಗಳಲ್ಲಿ ಆಗ ಶಾಲೆ, ರೈಲು ಡಬ್ಬಿ, ಕುಡಿಯುವ ನೀರಿನ ನಲ್ಲಿ ಎಲ್ಲವೂ ಬಿಳಿಯರಿಗೆ ಬೇರೆ, ಕಪ್ಪು ಜನರಿಗೆ ಬೇರೆ. ಲಕ್ಷಾಂತರ ಕಪ್ಪು ಕುಟುಂಬಗಳು ಹೊಲ ಬಿಟ್ಟು ಉತ್ತರದ ಕಾರ್ಖಾನೆ ನಗರಗಳತ್ತ ಹೊರಟಿದ್ದ ಕಾಲ ಅದು. ಜೋಶ್ ಅಪ್ಪ ಮಾರ್ಕ್ ಗಿಬ್ಸನ್ ಕೂಡ ಹಾಗೇ ಪಿಟ್ಸ್‌ಬರ್ಗ್‌ಗೆ ಬಂದು ಉಕ್ಕಿನ ಕಾರ್ಖಾನೆ ಸೇರಿದರು, ಆಮೇಲೆ ಹೆಂಡತಿ ಮಕ್ಕಳನ್ನು ಕರೆಸಿಕೊಂಡರು.

ಹುಡುಗ ಬೇಗ ಶಾಲೆ ಬಿಟ್ಟ, ಕೆಲಸಕ್ಕೆ ಸೇರಿದ, ಸಂಜೆ ಹೊತ್ತು ಬೇಸ್‌ಬಾಲ್ ಆಡಿದ. ಅಗಲವಾದ ಎದೆ, ಗಟ್ಟಿ ತೋಳು. ಕ್ಯಾಚರ್ ಆಗಿ ಆಡುತ್ತಿದ್ದ. ಕ್ರಿಕೆಟ್‌ನಲ್ಲಿ ವಿಕೆಟ್ ಕೀಪರ್ ಇದ್ದ ಹಾಗೆ, ಬ್ಯಾಟರ್ ಹಿಂದೆ ಕುಕ್ಕರಗಾಲಲ್ಲಿ ಕೂತು ಪ್ರತಿ ಎಸೆತವನ್ನೂ ಹಿಡಿಯುವ ಕೆಲಸ. ಬೇಸ್‌ಬಾಲ್‌ನಲ್ಲಿ ಮೈಯನ್ನು ಅತಿ ಹೆಚ್ಚು ದಣಿಸುವ ಜಾಗ ಇದು. ಅಂಥ ಜಾಗದಲ್ಲಿ ನಿಂತು ಇಷ್ಟೊಂದು ಚೆನ್ನಾಗಿ ಬ್ಯಾಟ್ ಬೀಸಿದವರು ಇನ್ನೊಬ್ಬರು ಸಿಗೋದು ಕಷ್ಟ.

1930ರಲ್ಲಿ, ಹದಿನೆಂಟನೇ ವಯಸ್ಸಿಗೆ, ಗಿಬ್ಸನ್ ಹೋಮ್‌ಸ್ಟೆಡ್ ಗ್ರೇಸ್ ಎಂಬ ಪ್ರಸಿದ್ಧ ಕಪ್ಪು ತಂಡ ಸೇರಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಹೆಂಡತಿ ಹೆಲೆನ್ ಅವಳಿ ಮಕ್ಕಳನ್ನು ಹೆತ್ತು ಹೆರಿಗೆಯಲ್ಲೇ ಸತ್ತುಹೋದಳು. ಮಕ್ಕಳು ಉಳಿದರು, ಒಂದು ಗಂಡು, ಒಂದು ಹೆಣ್ಣು. ಅವರನ್ನು ಹೆಲೆನ್ ತವರಿನವರು ಸಾಕಿದರು. ಅಪ್ಪ ತಂಡದ ಜೊತೆ ಊರೂರು ಅಲೆಯಲು ಹೊರಟರು.

ಬೇರೆ ಲೀಗ್ ಯಾಕಿತ್ತು?

ಬೇಸ್‌ಬಾಲ್‌ನ ಯಾವ ನಿಯಮ ಪುಸ್ತಕದಲ್ಲೂ ಕಪ್ಪು ಜನ ಆಡಬಾರದು ಅಂತ ಬರೆದಿರಲಿಲ್ಲ. 1884ರಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ಆಟಗಾರ ಆಗಿನ ದೊಡ್ಡ ಲೀಗಿನಲ್ಲೇ ಆಡಿದ್ದರು. ಆಮೇಲೆ ತಂಡಗಳ ಮಾಲೀಕರು ತಮ್ಮತಮ್ಮಲ್ಲೇ ಮಾತಾಡಿಕೊಂಡು ಬಾಗಿಲು ಮುಚ್ಚಿಬಿಟ್ಟರು. ಬರೆದಿಟ್ಟ ನಿಯಮ ಆಗಿದ್ದರೆ ಪ್ರಶ್ನೆ ಮಾಡಬಹುದಿತ್ತು. ಬರೆಯದ ನಿಯಮಕ್ಕೆ ಯಾರೂ ಹೊಣೆ ಹೊರಬೇಕಾಗಿರಲಿಲ್ಲ.

ಹೊರಗುಳಿದವರು ತಮ್ಮದೇ ಆಟ ಕಟ್ಟಿಕೊಂಡರು. 1920ರಲ್ಲಿ ರೂಬ್ ಫೋಸ್ಟರ್ ಮುಂದಾಳತ್ವದಲ್ಲಿ ನೀಗ್ರೋ ನ್ಯಾಷನಲ್ ಲೀಗ್ ಶುರುವಾಯಿತು. ನೀಗ್ರೋ ಅನ್ನೋ ಪದವನ್ನು ಇವತ್ತು ಯಾರೂ ಬಳಸಲ್ಲ, ಬಳಸಲೂ ಬಾರದು. ಆ ಲೀಗುಗಳ ಹೆಸರಾಗಿ ಮಾತ್ರ ಅದು ಉಳಿದುಕೊಂಡಿದೆ. 1932ರಿಂದ 1936ರವರೆಗೆ ಗಿಬ್ಸನ್ ಆಡಿದ್ದು ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ತಂಡಕ್ಕೆ. ಅದರ ಮಾಲೀಕ ಗಸ್ ಗ್ರೀನ್‌ಲೀ. ನಮ್ಮ ಮಟ್ಕಾ ಥರದ ನಂಬರ್ ಜೂಜು ನಡೆಸುತ್ತಿದ್ದ ಕಪ್ಪು ವ್ಯಾಪಾರಿ. ಆ ದುಡ್ಡಿನಲ್ಲೇ ಆತ ತಂಡ ಕಟ್ಟಿದ, ಸ್ವಂತ ಮೈದಾನವನ್ನೂ ಕಟ್ಟಿಸಿದ. ಸ್ಯಾಚೆಲ್ ಪೇಜ್, ಕೂಲ್ ಪಾಪಾ ಬೆಲ್, ಆಸ್ಕರ್ ಚಾರ್ಲ್‌ಸ್ಟನ್, ಜೂಡಿ ಜಾನ್ಸನ್, ಗಿಬ್ಸನ್: ಮುಂದೆ ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್ ಸೇರಿದ ಐದು ಜನ ಆ ಒಂದೇ ತಂಡಕ್ಕೆ ಆಡಿದವರು.

ಸ್ವಂತ ಮೈದಾನ ಅನ್ನೋದು ಅಪರೂಪದ ಮಾತು. ಹೆಚ್ಚಿನ ಕಪ್ಪು ತಂಡಗಳು ಬಿಳಿಯರ ಮೈದಾನಗಳನ್ನು ಬಾಡಿಗೆಗೆ ಹಿಡಿಯಬೇಕಿತ್ತು. ಅದೂ ಅಲ್ಲಿನ ಬಿಳಿ ತಂಡ ಬೇರೆ ಊರಿಗೆ ಹೋಗಿದ್ದಾಗ ಮಾತ್ರ. ವಾಷಿಂಗ್ಟನ್‌ನ ಗ್ರಿಫಿತ್ ಸ್ಟೇಡಿಯಮ್‌ನಲ್ಲಿ ಗಿಬ್ಸನ್ ಆಟ ನೋಡೋಕೆ ಜನ ಕಿಕ್ಕಿರಿದು ಸೇರುತ್ತಿದ್ದರು. ಬಾಡಿಗೆ ಹೋಗುತ್ತಿದ್ದುದು ವಾಷಿಂಗ್ಟನ್ ಸೆನೇಟರ್ಸ್ ಎಂಬ ಬಿಳಿ ತಂಡದ ಮಾಲೀಕ ಕ್ಲಾರ್ಕ್ ಗ್ರಿಫಿತ್ ಕಿಸೆಗೆ. ಅದೇ ಮಾಲೀಕನ ತಂಡದಲ್ಲಿ ಗಿಬ್ಸನ್‌ಗೆ ಜಾಗ ಇರಲಿಲ್ಲ.

ಲೀಗ್ ಪಂದ್ಯಗಳಿಂದಷ್ಟೇ ಹೊಟ್ಟೆ ತುಂಬುತ್ತಿರಲಿಲ್ಲ. ಹಾಗಾಗಿ ತಂಡಗಳು ಬಸ್ಸು ಹತ್ತಿ ಸಣ್ಣ ಸಣ್ಣ ಊರುಗಳಿಗೆ ಹೋಗಿ ಸ್ಥಳೀಯ ತಂಡಗಳ ಜೊತೆ ಆಡಿ ದುಡ್ಡು ಹುಟ್ಟಿಸಬೇಕಿತ್ತು. ಎಷ್ಟೋ ಹೋಟೆಲುಗಳಲ್ಲಿ ರೂಮು ಕೊಡುತ್ತಿರಲಿಲ್ಲ, ಊಟಕ್ಕೂ ಸೇರಿಸುತ್ತಿರಲಿಲ್ಲ. ಬಸ್ಸಿನಲ್ಲೇ ಮಲಗಿ, ಮರುದಿನ ಇಳಿದು, ಎರಡು ಪಂದ್ಯ ಆಡಿ ಮತ್ತೆ ಬಸ್ಸು ಹತ್ತುವುದು. ದೇಶದ ಹೊರಗೆ ಹೋದಾಗ ಬೇರೆಯದೇ ಮರ್ಯಾದೆ. 1937ರಲ್ಲಿ ಡೊಮಿನಿಕನ್ ಗಣರಾಜ್ಯದಲ್ಲಿ ಸರ್ವಾಧಿಕಾರಿ ಟ್ರುಹಿಯೊ ಹೆಸರಿನ ತಂಡಕ್ಕೆ, 1940 ಮತ್ತು 1941ರಲ್ಲಿ ಮೆಕ್ಸಿಕೋದಲ್ಲಿ ಗಿಬ್ಸನ್ ಆಡಿದರು. ಅಲ್ಲಿ ದುಡ್ಡೂ ಹೆಚ್ಚು, ಇಷ್ಟ ಬಂದ ಹೋಟೆಲಿನಲ್ಲಿ ಕೂತು ಊಟ ಮಾಡುವ ಸ್ವಾತಂತ್ರ್ಯವೂ ಇತ್ತು.

ಹೊಗಳಿಕೆಯೊಳಗಿನ ಗೆರೆ

ಗಿಬ್ಸನ್‌ರನ್ನು ಕಪ್ಪು ಬೇಬ್ ರೂತ್ ಅಂತ ಕರೀತಿದ್ದರು. ರೂತ್ ಬಿಳಿಯರ ಲೀಗಿನ ದೈತ್ಯ ಹೊಡೆತಗಾರ. ಕೇಳೋಕೆ ಹೊಗಳಿಕೆ. ಆದರೆ ಅದರೊಳಗೆ ಅಸಲಿ ಯಾರು, ನಕಲು ಯಾರು ಅನ್ನೋದು ಆಗಲೇ ತೀರ್ಮಾನವಾಗಿದೆ. ಕಪ್ಪು ಅಭಿಮಾನಿಗಳಲ್ಲಿ ಕೆಲವರು ಇದನ್ನು ತಿರುಗಿಸಿ ರೂತ್‌ನನ್ನೇ ಬಿಳಿ ಜೋಶ್ ಗಿಬ್ಸನ್ ಅಂತ ಕರೆದರು. ಆ ತಮಾಷೆಯಲ್ಲಿ ಇರುವಷ್ಟು ರಾಜಕೀಯ ಎಷ್ಟೋ ಭಾಷಣಗಳಲ್ಲಿ ಇಲ್ಲ. ಇವತ್ತಿಗೂ ಒಳ್ಳೆ ಮನಸ್ಸಿನಿಂದಲೇ ಆ ಹಳೇ ಹೆಸರು ಬಳಸೋರು ಇದ್ದಾರೆ. ಜನಾಂಗೀಯ ಅಸೂಕ್ಷ್ಮತೆ ಅಂದ್ರೆ ಬೈಗುಳ ಮಾತ್ರ ಅಂದುಕೊಂಡವರಿಗೆ ಇದು ಕಾಣಿಸಲ್ಲ.

1943ರ ಜನವರಿಯಲ್ಲಿ ಗಿಬ್ಸನ್ ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದರು. ಮಿದುಳಿನಲ್ಲಿ ಗಡ್ಡೆ ಇದೆ ಅಂತ ಗೊತ್ತಾಯಿತು. ಶಸ್ತ್ರಚಿಕಿತ್ಸೆ ಬೇಡ ಅಂದರು. ತಲೆನೋವು, ಕುಡಿತ, ಆಗಾಗ ಆಸ್ಪತ್ರೆ ವಾಸ ಜೊತೆಯಾದವು. ಆದರೆ ಅದೇ 1943ರಲ್ಲಿ ಅವರ ಸರಾಸರಿ .466. ಅಂದರೆ ಸಾವಿರ ಸಲ ಬ್ಯಾಟ್ ಹಿಡಿದರೆ 466 ಸಲ ಯಶಸ್ವಿ ಹೊಡೆತ. ಬೇಸ್‌ಬಾಲ್‌ನಲ್ಲಿ ಸಾವಿರಕ್ಕೆ 300 ದಾಟಿದರೇ ಒಳ್ಳೆ ಬ್ಯಾಟರ್. ಈಗಿನ ದಾಖಲೆ ಪುಸ್ತಕದಲ್ಲಿ ಒಂದೇ ಋತುವಿನ ಅತ್ಯುತ್ತಮ ಸರಾಸರಿ ಅದು. ಆ ವರ್ಷವೂ, ಮುಂದಿನ ವರ್ಷವೂ ಗ್ರೇಸ್ ತಂಡ ನೀಗ್ರೋ ವರ್ಲ್ಡ್ ಸೀರೀಸ್ ಗೆದ್ದಿತು.

1945ರ ಅಕ್ಟೋಬರ್‌ನಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡ ಕೊನೆಗೂ ಒಬ್ಬ ಕಪ್ಪು ಆಟಗಾರನನ್ನು ಆರಿಸಿತು. ಅವರು ಜ್ಯಾಕಿ ರಾಬಿನ್ಸನ್. ಕಾಯಿಲೆ ಬಿದ್ದ, ಮೂವತ್ತು ದಾಟಿದ ಗಿಬ್ಸನ್ ಕಡೆ ಯಾರೂ ನೋಡಲಿಲ್ಲ. 1947ರ ಜನವರಿ 20ರಂದು ಪಾರ್ಶ್ವವಾಯು ಹೊಡೆದು ಗಿಬ್ಸನ್ ತೀರಿಕೊಂಡರು. ವಯಸ್ಸು 35. ರಾಬಿನ್ಸನ್ ಮೇಜರ್ ಲೀಗ್ ಮೈದಾನಕ್ಕೆ ಕಾಲಿಟ್ಟದ್ದು ಏಪ್ರಿಲ್ 15ರಂದು, ಮೂರು ತಿಂಗಳೂ ತುಂಬದ ಅಂತರದಲ್ಲಿ. 1972ರಲ್ಲಿ ಗಿಬ್ಸನ್ ಹಾಲ್ ಆಫ್ ಫೇಮ್ ಸೇರಿದರು. ಆಗಲೂ ಪಿಟ್ಸ್‌ಬರ್ಗ್‌ನ ಅವರ ಸಮಾಧಿಯ ಮೇಲೆ ಹೆಸರಿನ ಕಲ್ಲಿರಲಿಲ್ಲ. ಅದನ್ನು ಇಟ್ಟದ್ದು 1975ರಲ್ಲಿ.

ಯಾರ ಅಂಕಿ ಶುದ್ಧ?

ಈಗ ಜಗಳಕ್ಕೆ ಬರೋಣ. 2020ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಸಂಸ್ಥೆ 1920ರಿಂದ 1948ರವರೆಗಿನ ಏಳು ಕಪ್ಪು ಲೀಗುಗಳಿಗೆ ಮೇಜರ್ ಲೀಗ್ ಸ್ಥಾನ ಘೋಷಿಸಿತು. 2024ರಲ್ಲಿ ಅಂಕಿಗಳನ್ನು ಒಂದುಗೂಡಿಸಿತು. ಗಿಬ್ಸನ್ ಸರಾಸರಿ .372, ಕಾಬ್ ಸರಾಸರಿ .367.

ವಿರೋಧಿಸುವವರ ಮಾತಿನಲ್ಲಿ ನಿಜ ಇಲ್ಲ ಅಂತಲ್ಲ. ಕಪ್ಪು ಲೀಗುಗಳ ಒಂದು ಋತುವಿನಲ್ಲಿ ಲೆಕ್ಕಕ್ಕೆ ಸಿಗುವ ಪಂದ್ಯಗಳು 60ರಿಂದ 80ರಷ್ಟು. ಬಿಳಿಯರ ಲೀಗಿನಲ್ಲಿ 154. ಕಡಿಮೆ ಪಂದ್ಯ ಇದ್ದಾಗ ಸರಾಸರಿ ಏರೋದು ಸುಲಭ. ಎಷ್ಟೋ ಪಂದ್ಯಗಳ ಸ್ಕೋರ್ ಕಾರ್ಡ್ ಇನ್ನೂ ಸಿಕ್ಕಿಲ್ಲ. ತಂಡಗಳ ಮಟ್ಟದಲ್ಲಿ ಏರುಪೇರು ಇತ್ತು. ಅಂಕಿಅಂಶ ಪ್ರೀತಿಸುವ ಯಾರಾದರೂ ಕೇಳಬೇಕಾದ ಪ್ರಶ್ನೆಗಳೇ ಇವು.

ಆದರೆ ಆ ಪ್ರಶ್ನೆಗಳನ್ನು ಒಂದು ಹೆಜ್ಜೆ ಮುಂದಕ್ಕೆ ತಗೊಂಡು ಹೋಗಿ ನೋಡಿ. ಪಂದ್ಯ ಯಾಕೆ ಕಡಿಮೆ? ಮೈದಾನ ಬೇರೆಯವರದ್ದು, ಅದು ಖಾಲಿ ಇದ್ದಾಗಷ್ಟೇ ಆಡಬೇಕಿತ್ತು. ಉಳಿದ ದಿನ ಹೊಟ್ಟೆಪಾಡಿಗೆ ಊರೂರು ಸುತ್ತಬೇಕಿತ್ತು. ಸ್ಕೋರ್ ಕಾರ್ಡ್ ಯಾಕಿಲ್ಲ? ಬಿಳಿಯರ ಪತ್ರಿಕೆಗಳಿಗೆ ಆ ಪಂದ್ಯಗಳು ಸುದ್ದಿಯೇ ಆಗಿರಲಿಲ್ಲ. ಪಿಟ್ಸ್‌ಬರ್ಗ್ ಕೊರಿಯರ್, ಚಿಕಾಗೋ ಡಿಫೆಂಡರ್‌ನಂಥ ಕಪ್ಪು ಪತ್ರಿಕೆಗಳು ಬರೆದಿಟ್ಟಿದ್ದರಿಂದ, ಸಂಶೋಧಕರು ವರ್ಷಗಟ್ಟಲೆ ಆ ಹಳೇ ಪುಟಗಳನ್ನು ಹುಡುಕಿದ್ದರಿಂದ ಇಷ್ಟಾದರೂ ಸಿಕ್ಕಿದೆ. ಎದುರಾಳಿಗಳ ಮಟ್ಟ ಯಾಕೆ ಗೊತ್ತಿಲ್ಲ? ಒಂದೇ ಲೀಗಿನಲ್ಲಿ ಆಡಿಸಿದ್ದರೆ ತಾನೇ ಗೊತ್ತಾಗೋದು? ಬಾಗಿಲು ಹಾಕಿದ್ದರಿಂದ ಆದ ಕೊರತೆಯನ್ನೇ ತೋರಿಸಿ ಮತ್ತೆ ಬಾಗಿಲು ಹಾಕುವ ವಾದ ಇದು.

ಇನ್ನೊಂದು ಕಡೆಯ ಲೆಕ್ಕ ಎಷ್ಟು ಶುದ್ಧ? ಕಾಬ್ ಆಡಿದ್ದು 1905ರಿಂದ 1928ರವರೆಗೆ, ರೂತ್ 1914ರಿಂದ 1935ರವರೆಗೆ. ಲೀಗ್ ಪಂದ್ಯದಲ್ಲಿ ಇಬ್ಬರೂ ಒಮ್ಮೆಯೂ ಸ್ಯಾಚೆಲ್ ಪೇಜ್‌ನಂಥ ಕಪ್ಪು ಪಿಚರ್‌ನ ಎಸೆತ ಎದುರಿಸಬೇಕಾಗಿ ಬರಲಿಲ್ಲ. ಅವರ ಅಂಕಿಗಳ ಮುಂದೆ ಯಾರೂ ಪ್ರಶ್ನಾರ್ಥಕ ಚಿಹ್ನೆ ಹಾಕಲಿಲ್ಲ. ಯಾವ ಲೀಗುಗಳನ್ನು ಮೇಜರ್ ಅಂತ ಕರೀಬೇಕು ಅಂತ ತೀರ್ಮಾನಿಸಲು 1969ರಲ್ಲಿ ಒಂದು ಸಮಿತಿ ಕೂತಾಗ, 1884ರಲ್ಲಿ ಒಂದೇ ಒಂದು ಋತು ನಡೆದು ಮುಚ್ಚಿಹೋದ ಯೂನಿಯನ್ ಅಸೋಸಿಯೇಷನ್ ಕೂಡ ಪಟ್ಟಿಗೆ ಸೇರಿತು. ಕಪ್ಪು ಲೀಗುಗಳು ಸೇರಲಿಲ್ಲ. ಕೋವಿಡ್‌ನಿಂದಾಗಿ 2020ರ ಋತುವಿನಲ್ಲಿ ತಂಡಕ್ಕೆ ಬರೀ 60 ಪಂದ್ಯ ಆಡಿಸಿದರು, ಆ ಅಂಕಿಗಳೂ ಪುಸ್ತಕದಲ್ಲಿವೆ. ಅಂದರೆ ಕಡಿಮೆ ಪಂದ್ಯ, ದುರ್ಬಲ ಲೀಗ್ ಅನ್ನೋದು ಎಲ್ಲರಿಗೂ ಅಡ್ಡಿ ಆಗಿಲ್ಲ.

ಗಿಬ್ಸನ್‌ಗೆ ಯಾರೂ ಅಂಕಿ ಉಡುಗೊರೆ ಕೊಟ್ಟಿಲ್ಲ ಅನ್ನೋದಕ್ಕೆ ಹೋಮ್ ರನ್ ಲೆಕ್ಕವೇ ಸಾಕ್ಷಿ. ಹಾಲ್ ಆಫ್ ಫೇಮ್‌ನ ಅವರ ಫಲಕದಲ್ಲಿ ಸುಮಾರು 800 ಹೋಮ್ ರನ್ ಅಂತಿದೆ, ಊರೂರು ಸುತ್ತಿ ಆಡಿದ ಪಂದ್ಯಗಳೂ ಸೇರಿ. ಈಗ ಅಧಿಕೃತವಾಗಿ ಒಪ್ಪಿರುವುದು 200ಕ್ಕಿಂತ ಕಡಿಮೆ. ಪುರಾವೆ ಇರುವ ಲೀಗ್ ಪಂದ್ಯಗಳನ್ನು ಮಾತ್ರ ಎಣಿಸಿದ್ದಾರೆ.

ಇನ್ನೊಂದು ಕಡೆಯಿಂದಲೂ ತಕರಾರಿದೆ, ಅದು ನನಗೆ ಹೆಚ್ಚು ಮುಖ್ಯ ಅನ್ನಿಸುತ್ತೆ. ಹೊರಗಿಟ್ಟ ಸಂಸ್ಥೆಯೇ ಈಗ ಮೇಜರ್ ಅನ್ನೋ ಪ್ರಮಾಣಪತ್ರ ಕೊಡೋಕೆ ಯಾರು ಅಂತ ಕೇಳೋರಿದ್ದಾರೆ. ಸರಿಯಾದ ಪ್ರಶ್ನೆ. ಆ ಲೀಗುಗಳು ಮೊದಲಿನಿಂದಲೂ ದೊಡ್ಡವೇ ಆಗಿದ್ದವು, ಪುಸ್ತಕ ಮಾತ್ರ ಸಣ್ಣದಿತ್ತು. 24 ವರ್ಷ ಬೇಸ್‌ಬಾಲ್ ಆಯುಕ್ತರಾಗಿದ್ದು ಬಣ್ಣದ ಗೆರೆ ಅಳಿಸದ ಕೆನೆಸಾ ಮೌಂಟನ್ ಲ್ಯಾಂಡಿಸ್ ಹೆಸರನ್ನು 2020ರಲ್ಲಿ ಅತ್ಯುತ್ತಮ ಆಟಗಾರ ಪ್ರಶಸ್ತಿಯಿಂದ ತೆಗೆದರು. ಅಲ್ಲಿ ಗಿಬ್ಸನ್ ಹೆಸರು ಬರಲಿ ಅಂತ ಅವರ ಮರಿಮಗ ಶಾನ್ ಗಿಬ್ಸನ್ ಒತ್ತಾಯಿಸುತ್ತಾ ಬಂದಿದ್ದಾರೆ.

ಪುಸ್ತಕ ತಿದ್ದಿದರೆ ಗಿಬ್ಸನ್ ಆಡದೇ ಹೋದ ಆಟ ವಾಪಸ್ ಬರಲ್ಲ. ಹಾಗಂತ ತಿದ್ದೋದು ಸುಮ್ಮನೆ ಔಪಚಾರಿಕ ಅಂತ ನಾನು ಒಪ್ಪಲ್ಲ. ಮೆರಿಟ್ ಅನ್ನೋದು ತಾನೇ ತಾನಾಗಿ ಅಳೆದುಕೊಳ್ಳಲ್ಲ, ಅಳೆಯೋಕೆ ಮೈದಾನ ಬೇಕು, ಸ್ಕೋರ್ ಬರೆಯೋರು ಬೇಕು, ಬರೆದದ್ದನ್ನು ಉಳಿಸೋ ಪುಸ್ತಕ ಬೇಕು. ಇವು ಮೂರೂ ಯಾರ ಕೈಲಿದ್ದವು ಅಂತ ಕೇಳದೆ ಅಂಕಿ ಮಾತ್ರ ನೋಡೋದಕ್ಕೆ ನಿಷ್ಪಕ್ಷಪಾತ ಅಂತ ಹೆಸರಿಟ್ಟುಕೊಂಡಿದ್ದೇವೆ. ಆಟದಲ್ಲಿ ರಾಜಕೀಯ ತರಬೇಡಿ ಅಂತ ಮುಂದಿನ ಸಲ ಯಾರಾದರೂ ಅಂದರೆ, ಗಿಬ್ಸನ್‌ರನ್ನು ಹದಿನೇಳು ವರ್ಷ ಮೇಜರ್ ಲೀಗಿನಿಂದ ಹೊರಗಿಟ್ಟದ್ದು ಯಾವ ಆಟದ ನಿಯಮ ಅಂತ ಕೇಳಿ.