ಕೋಳಿ ಜುಟ್ಟಿನಲ್ಲಿ ವಂಶದ ಗುಟ್ಟು ಕಂಡ ವಿಲಿಯಂ ಬೇಟ್ಸನ್

ಹುಂಜಕ್ಕೂ ಹೇಂಟೆಗೂ ಅಗಲವಾದ, ಗಂಟುಗಂಟಾದ ಗುಲಾಬಿ ಜುಟ್ಟು. ಆದರೆ ಮೊಟ್ಟೆಯೊಡೆದು ಬಂದ ಮರಿಗಳಲ್ಲಿ ಒಂದಕ್ಕೆ ಗರಗಸದಂಥ ಒಂಟಿ ಜುಟ್ಟು! ವಯಾಂಡಾಟ್ ತಳಿಯ ಕೋಳಿ ಸಾಕುವವರಿಗೆ ಇದು ಹಳೆಯ ತಲೆನೋವು. ಪ್ರದರ್ಶನದಲ್ಲಿ ಅಂಥ ಕೋಳಿಗೆ ಜಾಗವಿಲ್ಲ. ತಳಿಯೇ ಕೆಟ್ಟಿತೇ ಎಂಬ ಅನುಮಾನ ಬೇರೆ. ಜುಟ್ಟು ಹೀಗೆ ಬದಲಾಗುವುದಕ್ಕೂ ಒಂದು ಲೆಕ್ಕವಿದೆ ಎಂದು ತೋರಿಸಿದವರು ಇಂಗ್ಲೆಂಡಿನ ಜೀವವಿಜ್ಞಾನಿ ವಿಲಿಯಂ ಬೇಟ್ಸನ್.

ಬೇಟ್ಸನ್ ಹುಟ್ಟಿದ್ದು 1861ರ ಆಗಸ್ಟ್ 8ರಂದು, ವಿಟ್ಬಿಯಲ್ಲಿ. ತಂದೆ ಕೇಂಬ್ರಿಡ್ಜ್‌ನ ಸೇಂಟ್ ಜಾನ್ಸ್ ಕಾಲೇಜಿನ ಮುಖ್ಯಸ್ಥರು. ಶಾಲೆಯಲ್ಲಿ ದಡ್ಡನೆನಿಸಿಕೊಂಡಿದ್ದ ಹುಡುಗ ಕೇಂಬ್ರಿಡ್ಜ್‌ನಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾದರು. ಎಲ್ಲರೂ ವಿಕೃತಿ ಎಂದು ಬದಿಗಿಡುತ್ತಿದ್ದ ಜೀವಿಗಳೇ ಅವರ ಆಸಕ್ತಿ. ಅಂಥ ನೂರಾರು ಉದಾಹರಣೆಗಳನ್ನು ಕಲೆಹಾಕಿ 1894ರಲ್ಲಿ ದೊಡ್ಡ ಗ್ರಂಥವನ್ನೇ ತಂದರು.

ಸಂಶೋಧನೆಗೆ ಹಣ ಸಾಲದು. ಜೀವನಕ್ಕಾಗಿ ಕಾಲೇಜಿನ ಅಡುಗೆಮನೆಯ ಉಸ್ತುವಾರಿಯನ್ನೂ ನೋಡಿಕೊಂಡರು. ಕೇಂಬ್ರಿಡ್ಜ್ ಪಕ್ಕದ ಗ್ರಾಂಚೆಸ್ಟರ್ ಹಳ್ಳಿಯ ಮನೆಯ ಹಿತ್ತಲೇ ಪ್ರಯೋಗಾಲಯವಾಯಿತು. ಕೋಳಿಗಳ ಕೆಲಸದಲ್ಲಿ ಪತ್ನಿ ಬಿಯಾಟ್ರಿಸ್ ಜೊತೆಯಾದರು. ಗಿಡಗಳ ಪ್ರಯೋಗವನ್ನು ನ್ಯೂನ್‌ಹ್ಯಾಮ್ ಕಾಲೇಜಿನ ಈಡಿತ್ ಸಾಂಡರ್ಸ್ ನಡೆಸಿದರು.

1900ರಲ್ಲಿ ಗ್ರೆಗರ್ ಮೆಂಡಲ್ ಅವರ ಮರೆತುಹೋಗಿದ್ದ ಬಟಾಣಿ ಪ್ರಯೋಗ ಮತ್ತೆ ಬೆಳಕಿಗೆ ಬಂತು. ಬಟಾಣಿಯ ನಿಯಮ ಪ್ರಾಣಿಗೂ ಅನ್ವಯಿಸುತ್ತದೆಯೇ? ಬೇಟ್ಸನ್ ಕೋಳಿಗಳಲ್ಲೇ ಉತ್ತರ ಹುಡುಕಿದರು. ಬಟಾಣಿ ಜುಟ್ಟಿಗೆ ಬಳಸಿದ್ದು ಇಂಡಿಯನ್ ಗೇಮ್ ತಳಿ. ಭಾರತದ ಅಸೀಲ್ ಕಾಳಗದ ಕೋಳಿಯನ್ನು ಬೆರೆಸಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ರೂಪಿಸಿದ ತಳಿ ಅದು.

1902ರಲ್ಲಿ ಫಲಿತಾಂಶ ಪ್ರಕಟವಾಯಿತು. ಗುಲಾಬಿ ಜುಟ್ಟು ಪ್ರಬಲ ಗುಣ, ಒಂಟಿ ಜುಟ್ಟು ದುರ್ಬಲ ಗುಣ. ದುರ್ಬಲ ಗುಣ ಅಳಿಯುವುದಿಲ್ಲ, ಅಡಗಿರುತ್ತದೆ. ಅದನ್ನು ಅಡಗಿಸಿಕೊಂಡ ಹುಂಜವೂ ಹೇಂಟೆಯೂ ಕೂಡಿದರೆ ಸರಾಸರಿ ನಾಲ್ಕರಲ್ಲೊಂದು ಮರಿಗೆ ಒಂಟಿ ಜುಟ್ಟು ಬರುತ್ತದೆ.

ರೆಜಿನಾಲ್ಡ್ ಪನ್ನೆಟ್ ಜೊತೆ ಸೇರಿ ನಡೆಸಿದ ಪ್ರಯೋಗ ಇನ್ನೂ ಅಚ್ಚರಿಯದು. ಗುಲಾಬಿ ಜುಟ್ಟಿಗೂ ಬಟಾಣಿ ಜುಟ್ಟಿಗೂ ಹುಟ್ಟಿದ ಮರಿಗಳಿಗೆ ಅಕ್ರೋಟಿನಂಥ ಹೊಸ ಜುಟ್ಟು! ಅವುಗಳ ಮರಿಗಳಲ್ಲಿ 16ಕ್ಕೆ ಸುಮಾರು 9 ಅಕ್ರೋಟು, 3 ಗುಲಾಬಿ, 3 ಬಟಾಣಿ, 1 ಒಂಟಿ. ಅಂದರೆ ಎರಡು ಬೇರೆ ಬೇರೆ ವಂಶವಾಹಿಗಳು ಸೇರಿ ಒಂದೇ ಜುಟ್ಟಿನ ಆಕಾರ ನಿರ್ಧರಿಸುತ್ತವೆ.

ಇದನ್ನು ಎಲ್ಲರೂ ಒಪ್ಪಲಿಲ್ಲ. ಹಳೆಯ ಗೆಳೆಯ ವೆಲ್ಡನ್ ಅವರೇ ಕಟು ವಿರೋಧಿಯಾದರು. ಬೇಟ್ಸನ್ ಜಗ್ಗಲಿಲ್ಲ. ತಳಿವಿಜ್ಞಾನಕ್ಕೆ ಜೆನೆಟಿಕ್ಸ್ ಎಂಬ ಹೆಸರು ಕೊಟ್ಟವರೂ ಅವರೇ, 1905ರಲ್ಲಿ. 1910ರಲ್ಲಿ ಜಾನ್ ಇನ್ನೆಸ್ ತೋಟಗಾರಿಕಾ ಸಂಸ್ಥೆಯ ಮೊದಲ ನಿರ್ದೇಶಕರಾದರು. ಕಿರಿಯ ಮಗನಿಗೆ ಮೆಂಡಲ್ ನೆನಪಿಗೆ ಗ್ರೆಗರಿ ಎಂದು ಹೆಸರಿಟ್ಟಿದ್ದರು. ಮುಂದೆ ಆತ ಹೆಸರಾಂತ ಮಾನವಶಾಸ್ತ್ರಜ್ಞನಾದ. ಆದರೆ ಹಿರಿಯ ಮಗ 1918ರಲ್ಲಿ ಯುದ್ಧದಲ್ಲಿ ಮಡಿದ; ಎರಡನೆಯವನು 1922ರಲ್ಲಿ ಆತ್ಮಹತ್ಯೆ ಮಾಡಿಕೊಂಡ.

ಇಷ್ಟೆಲ್ಲ ಕಂಡವರಿಗೂ ಒಂದು ವಿಷಯ ಗಂಟಲಲ್ಲಿ ಇಳಿಯಲಿಲ್ಲ. ವಂಶವಾಹಿಗಳು ವರ್ಣತಂತುಗಳ ಮೇಲಿವೆ ಎಂಬುದನ್ನು ಬಹುಕಾಲ ಅವರು ನಿರಾಕರಿಸಿದರು. ಅಮೆರಿಕದಲ್ಲಿ ಮಾರ್ಗನ್ ಪ್ರಯೋಗಾಲಯ ನೋಡಿದ ಮೇಲೆ ಒಪ್ಪಿದರೂ ಮನಸ್ಸಿನ ಸಂಶಯ ಪೂರ್ತಿ ಹೋಗಲಿಲ್ಲ. 1926ರ ಫೆಬ್ರವರಿ 8ರಂದು ನಿಧನರಾದರು.

ಗುಲಾಬಿ ಜುಟ್ಟಿನ ಮೂಲ ತಿಳಿದದ್ದು 2012ರಲ್ಲಿ. ಕೋಳಿಯ ಏಳನೇ ವರ್ಣತಂತುವಿನ ಒಂದು ತುಂಡು ತಲೆಕೆಳಗಾಗಿ ಕೂತಿರುವುದೇ ಅದಕ್ಕೆ ಕಾರಣ. ಎರಡೂ ಕಡೆಯಿಂದ ಆ ತುಂಡು ಪಡೆದ ಹುಂಜಗಳ ಫಲವತ್ತತೆ ಕಡಿಮೆ, ಹೀಗಾಗಿ ಮರಿಗಳೂ ಕಡಿಮೆ. ಒಂಟಿ ಜುಟ್ಟನ್ನು ಅಡಗಿಸಿಕೊಂಡ ಹುಂಜಕ್ಕೆ ಆ ತೊಂದರೆಯಿಲ್ಲ. ಆದ್ದರಿಂದಲೇ ಎಷ್ಟು ಆರಿಸಿ ತೆಗೆದರೂ ವಯಾಂಡಾಟ್ ಗೂಡಿನಲ್ಲಿ ಆ ಮರಿ ಮತ್ತೆ ಮತ್ತೆ ಹುಟ್ಟುತ್ತದೆ. ಸಾಕುವವರು ದೋಷ ಎನ್ನುವ ಗುಣವೇ ತಳಿಯ ಸಂತಾನ ಕಾಯುತ್ತಿದೆ. ಬೇಟ್ಸನ್ ಹುಡುಕುತ್ತಿದ್ದ ಗುಟ್ಟು ಅವರು ನಂಬಲು ಹಿಂಜರಿದ ವರ್ಣತಂತುವಿನಲ್ಲೇ ಇತ್ತು.