ನಟರ ನಾಲಿಗೆ ತಿದ್ದಿದ ಕೈಲಾಸಂ

ಕನ್ನಡ ರಂಗಭೂಮಿಯ ಮೇಲೆ ಮನೆಮಾತನ್ನು ಪ್ರತಿಷ್ಠಾಪಿಸಿದ ಟಿ. ಪಿ. ಕೈಲಾಸಂ ಅವರ ಸ್ವಂತ ಮನೆಮಾತು ತಮಿಳು. ೧೮೮೪ರಲ್ಲಿ ನ್ಯಾಯಾಧೀಶ ಪರಮಶಿವ ಅಯ್ಯರ್ ಅವರ ಪುತ್ರರಾಗಿ ಜನಿಸಿದ ಇವರು ಮದರಾಸಿನಲ್ಲಿ ಕಲಿತು, ಭೂಗರ್ಭಶಾಸ್ತ್ರದ ವ್ಯಾಸಂಗಕ್ಕೆಂದು ಲಂಡನ್ನಿಗೆ ತೆರಳಿದರು. ೧೯೧೫ರಲ್ಲಿ ಹಿಂದಿರುಗಿ ಸರಕಾರಿ ಉದ್ಯೋಗ ಹಿಡಿದರೂ, ಕೆಲವೇ ವರ್ಷಗಳಲ್ಲಿ ಅದನ್ನು ತ್ಯಜಿಸಿ ನಾಟಕಕ್ಕೇ ಮೀಸಲಾದರು.

ಆ ಕಾಲದ ಕಂಪನಿ ನಾಟಕಗಳಲ್ಲಿ ಗ್ರಾಂಥಿಕ ಭಾಷೆಗೂ ಹಾಡುಗಳಿಗೂ ಅಗ್ರಸ್ಥಾನವಿದ್ದಿತು. ಕೈಲಾಸಂ ‘ಟೊಳ್ಳುಗಟ್ಟಿ’ಯಿಂದ ಮೊದಲ್ಗೊಂಡು, ಬೆಂಗಳೂರು ಮೈಸೂರುಗಳ ಮನೆಗಳಲ್ಲಿ ಕೇಳಿಬರುವ, ಇಂಗ್ಲಿಷು ಬೆರೆತ ಮಾತನ್ನೇ ನಟರ ಬಾಯಿಗಿತ್ತರು. ಪರೀಕ್ಷೆಯಲ್ಲಿ ಗೆದ್ದ ಮಗನಿಗಿಂತ ಸೋತ ಮಗನೇ ಗಟ್ಟಿಯೆಂದು ಆ ನಾಟಕ ತೋರಿಸಿತು.

ಅವರು ನಾಟಕಗಳನ್ನು ಕುಳಿತು ಬರೆದವರಲ್ಲ. ಒಂದೊಂದು ಪಾತ್ರದ ದನಿಯಲ್ಲಿ ತಾವೇ ಆಡಿ ತೋರಿಸುತ್ತಿದ್ದರು; ಮಿತ್ರರು ಬರೆದುಕೊಳ್ಳುತ್ತಿದ್ದರು. ಆದುದರಿಂದ ನುಂಗಿದ ಸ್ವರ, ಒತ್ತಿದ ಅಕ್ಷರಗಳೆಲ್ಲ ಪುಸ್ತಕದಲ್ಲಿಯೂ ಉಳಿದವು. ಉಚ್ಚಾರಣೆ ಕಲಿಯುವ ನಟನಿಗೆ ಆ ಪುಸ್ತಕವೇ ಗುರು.

೧೯೪೫ರಲ್ಲಿ ಮದರಾಸಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವನ್ನಲಂಕರಿಸಿ, ಮರುವರ್ಷವೇ ಅವರು ತೀರಿಕೊಂಡರು.

ನೆರೂಳದ ನಮ್ಮ ತರುಣರು ಹಗಲೆಲ್ಲ ಗಲ್ಲೆಯಲ್ಲಿಯೋ ಕಚೇರಿಯಲ್ಲಿಯೋ ದುಡಿದು ರಾತ್ರಿ ಬಣ್ಣ ಹಚ್ಚುವವರು. ಒಬ್ಬನದು ಕುಂದಾಪುರದ ಕನ್ನಡ, ಮತ್ತೊಬ್ಬನದು ಧಾರವಾಡದ್ದು, ಮಗದೊಬ್ಬನ ಮನೆಮಾತು ತುಳು. ತನ್ನ ನುಡಿಗಾಗಿ ಯಾರೂ ನಾಚಬೇಕಾದುದಿಲ್ಲ. ಆದರೆ ಪರ ಊರಿನ ಪಾತ್ರ ವಹಿಸಿದಾಗ, ಮಗ್ಗುಲಲ್ಲಿಯೇ ದುಡಿಯುವ ಆ ಊರಿನವನ ಮಾತಿಗೆ ಕಿವಿಗೊಡಬೇಕು. ತಮಿಳು ಮನೆಯ ಕೈಲಾಸಂ ಕನ್ನಡವನ್ನು ಗೆದ್ದುದು ಕಿವಿಯಿಂದಲೇ ಎಂಬುದನ್ನು ನಾವು ಮರೆಯಲಾಗದು.